ಕೈ ಹೋದವನ ಕೈ ಬಿಡದ ಬ್ಯಾಂಡು

ಪ್ರಶ್ನೆ: ನಮ್ಮ ಯಜಮಾನರಿಗೆ ಡೆಫ್ ಲೆಪರ್ಡ್ ಅನ್ನೋ ರಾಕ್ ಬ್ಯಾಂಡ್ ಅಂದರೆ ಪ್ರಾಣ. ಮೈಸೂರಿಗೆ ಹೊರಟರೆ ಕೆಂಗೇರಿ ದಾಟುವಷ್ಟರಲ್ಲಿ ಕಾರಿನಲ್ಲಿ ಶುರುವಾಗುತ್ತದೆ. ನನಗೆ ಆ ಹಾಡುಗಳು ಸುತಾರಾಂ ಹಿಡಿಸುವುದಿಲ್ಲ. ಆದರೆ ಮೊನ್ನೆ ಅವರ ಡ್ರಮ್ಮರ್‌ಗೆ ಎಡಗೈಯೇ ಇಲ್ಲ, ಅಪಘಾತವಾದ ಮೇಲೂ ಬ್ಯಾಂಡಿನವರು ಬೇರೆಯವರನ್ನು ತಂದುಕೊಳ್ಳದೆ ಅವನಿಗಾಗಿ ಕಾದರು ಅಂತ ಗೊತ್ತಾಯಿತು. ಕೇಳಿ ಕಣ್ಣು ಒದ್ದೆಯಾಯಿತು. ಅವತ್ತಿನಿಂದ ಇವರು, "ಅಷ್ಟು ಗೌರವ ಇದ್ದರೆ ಹಾಡೂ ಕೇಳು, ಇಲ್ಲದಿದ್ದರೆ ಸುಮ್ನೆ ನಾಟಕ" ಅನ್ನುತ್ತಾರೆ. ಜನರನ್ನು ಮೆಚ್ಚಿ ಹಾಡನ್ನು ಮೆಚ್ಚದಿರುವುದು ತಪ್ಪಾ ಸರ್? ಮತ್ತೆ, ಈ ಕಥೆ ನಿಜಕ್ಕೂ ಅಷ್ಟು ಚೆಂದವಾ, ಇಲ್ಲ ಪ್ರಚಾರಕ್ಕೆ ಹೊಳಪು ಕೊಟ್ಟಿದ್ದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನನಗೂ ಡೆಫ್ ಲೆಪರ್ಡ್ ಅಷ್ಟಕ್ಕಷ್ಟೇ. ನಿಮ್ಮ ಯಜಮಾನರು ಬೇಜಾರು ಮಾಡಿಕೊಳ್ಳಬಾರದು. ಇಪ್ಪತ್ತು ವರ್ಷದಿಂದ ಡ್ರಮ್ಸ್ ಕಲಿಸುತ್ತಿದ್ದೇನೆ, ಸದ್ದಿಗೆ ಹೆದರುವವನಲ್ಲ. ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದಾಗ ಎರಡೂ ಸಲ ಕೆಸರಲ್ಲೋ ಧೂಳಲ್ಲೋ ನಿಂತು ಕೇಳಿದವನು. ಆದರೆ ಲೆಪರ್ಡ್ ಹಾಕಿದರೆ ಮೂರನೇ ಹಾಡಿಗೆ ಸಾಕಾಗುತ್ತದೆ. ಒಂದು ದನಿಯ ಮೇಲೆ ಹತ್ತಾರು ದನಿ ಪೇರಿಸಿದ ಕೋರಸ್. ಎಲ್ಲೂ ಒರಟು ಉಳಿಯದಂತೆ ಉಜ್ಜಿಟ್ಟ ಗಿಟಾರ್. ಪಾಯಸ ಬಡಿಸಿದ ಮೇಲೆ ಸಕ್ಕರೆ ಡಬ್ಬ ಹಿಡಿದುಕೊಂಡು ಇನ್ನೊಬ್ಬರು ಬಂದ ಹಾಗೆ.

ಹೀಗೆ ಅನ್ನಿಸುವುದು ನಮ್ಮಿಬ್ಬರಿಗೇ ಅಲ್ಲ. ಡೆಫ್ ಲೆಪರ್ಡ್ ಹುಟ್ಟಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, 1977ರ ಸುಮಾರಿಗೆ. ಶೆಫೀಲ್ಡ್ ಅಂದರೆ ಉಕ್ಕಿನ ಊರು, ಚಾಕು-ಚಮಚದ ಊರು. ಇವರು ಪ್ರಾಕ್ಟೀಸ್ ಮಾಡುತ್ತಿದ್ದದ್ದೂ ಒಂದು ಹಳೇ ಚಮಚ ಕಾರ್ಖಾನೆಯಲ್ಲಿ. ಐರನ್ ಮೇಡನ್‌ನಂಥ ಗಡಸು ರಾಕ್ ಬ್ಯಾಂಡುಗಳು ಇಂಗ್ಲೆಂಡಿನಲ್ಲಿ ಮೇಲೆದ್ದ ಅಲೆಯಲ್ಲೇ ಇವರೂ ಮೇಲೆ ಬಂದವರು. ಆದರೆ ಇವರ ಕಣ್ಣು ಅಮೆರಿಕದ ರೇಡಿಯೊ ಮೇಲಿತ್ತು. ಅದು ಊರಿನ ಹುಡುಗರಿಗೆ ಸರಿಬರಲಿಲ್ಲ. 1980ರಲ್ಲಿ ರೆಡಿಂಗ್ ಉತ್ಸವದಲ್ಲಿ ಇವರು ಸ್ಟೇಜ್ ಹತ್ತಿದಾಗ ಜನ ಬಿಯರ್ ಕ್ಯಾನ್‌ಗಳನ್ನು ಎಸೆದರು. ಅಮೆರಿಕಕ್ಕೆ ಮಾರಿಕೊಂಡ ನನ್ಮಕ್ಕಳು ಅನ್ನೋದು ಅವರ ಸಿಟ್ಟು. ಈ ಕ್ಯಾನ್‌ಗಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಡ್ರಮ್ಮರ್ ವಿಷಯ. ರಿಕ್ ಆಲನ್ ಬ್ಯಾಂಡಿಗೆ ಸೇರಿದಾಗ ಅವನಿಗೆ ಹದಿನೈದು ತುಂಬಿತ್ತಷ್ಟೇ. ಬ್ಯಾಂಡಿನವರು ಡ್ರಮ್ಮರ್ ಬೇಕೆಂದು ಜಾಹೀರಾತು ಕೊಟ್ಟಿದ್ದರು, ಅದಕ್ಕೆ ಉತ್ತರ ಬರೆದದ್ದು ಹುಡುಗನ ಅಮ್ಮ. ಶಾಲೆ ಬಿಟ್ಟ, ಊರೂರು ತಿರುಗಿದ. 1983ರಲ್ಲಿ ಬಂದ ಅವರ ಮೂರನೇ ಆಲ್ಬಂ 'ಪೈರೋಮೇನಿಯಾ' ಅಮೆರಿಕದಲ್ಲಿ ಬಿರುಗಾಳಿಯ ಹಾಗೆ ಮಾರಾಟವಾಯಿತು. ಮುಂದಿನ ಆಲ್ಬಮ್ಮಿನ ಕೆಲಸ ನೆದರ್ಲೆಂಡ್ಸ್‌ನಲ್ಲಿ ನಡೆಯುತ್ತಿದ್ದಾಗ ಹುಡುಗ ರಜೆಗೆಂದು ಊರಿಗೆ ಬಂದಿದ್ದ. 1984ರ ಡಿಸೆಂಬರ್ 31, ಶೆಫೀಲ್ಡ್ ಹೊರಗಿನ ರಸ್ತೆ. ಅವನ ಕಾರ್ವೆಟ್ ಕಾರು ಹಿಡಿತ ತಪ್ಪಿ ಕಲ್ಲಿನ ಗೋಡೆಗೆ ಬಡಿಯಿತು. ಎಡಗೈ ಬೇರೆಯಾಗಿಯೇ ಬಿತ್ತು. ಹತ್ತಿರದಲ್ಲೇ ಇದ್ದ ನರ್ಸ್ ಒಬ್ಬರು ಓಡಿಬಂದು ನೋಡಿಕೊಂಡರು, ಕೈಯನ್ನು ಐಸಿನಲ್ಲಿಟ್ಟು ಆಸ್ಪತ್ರೆಗೆ ಕಳಿಸಿದರು. ಡಾಕ್ಟರುಗಳು ಅದನ್ನು ಮತ್ತೆ ಜೋಡಿಸಿದರು. ಆಮೇಲೆ ಸೋಂಕು ತಗುಲಿ, ತೆಗೆಯಲೇಬೇಕಾಯಿತು. ಆಗ ಅವನಿಗೆ 21.

ಇಲ್ಲಿ ಸ್ವಲ್ಪ ನಿಲ್ಲೋಣ. ಡ್ರಮ್ಮರ್‌ಗೆ ಎಡಗೈ ಹೋದರೆ ಏನು ಹೋಯಿತು ಅನ್ನೋದು ಡ್ರಮ್ಸ್ ಬಾರಿಸದವರಿಗೆ ಪೂರ್ತಿ ಅರ್ಥವಾಗುವುದಿಲ್ಲ. ಊಟದ ಟೇಬಲ್ ಮುಂದೆ ಕೂತುಕೊಳ್ಳಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಬಲಗೈ ಬೆರಳಿಂದ ಒಂದೊಂದು ಎಣಿಕೆಗೆ ಎರಡೆರಡು ಸಲ ತಟ್ಟಿ, ಅದು ಹೈ-ಹ್ಯಾಟ್. ಒಂದಕ್ಕೂ ಮೂರಕ್ಕೂ ಬಲಗಾಲು ಒತ್ತಿ, ಅದು ಬೇಸ್ ಡ್ರಮ್. ಎರಡಕ್ಕೂ ನಾಲ್ಕಕ್ಕೂ ಎಡಗೈಯಿಂದ ಟೇಬಲ್ಲಿಗೆ ಬಲವಾಗಿ ಬಡಿಯಿರಿ, ಅದು ಸ್ನೇರ್. ಮುಕ್ಕಾಲುವಾಸಿ ರಾಕ್ ಹಾಡುಗಳು ಇಷ್ಟರ ಮೇಲೆಯೇ ನಿಂತಿವೆ. ನಿಮಗೆ ಚಪ್ಪಾಳೆ ತಟ್ಟಬೇಕು ಅನ್ನಿಸುವುದು ಆ ಎರಡಕ್ಕೆ, ನಾಲ್ಕಕ್ಕೆ. ಅಂದರೆ ಎಡಗೈಗೆ.

ಈಗ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಅದರ ಕೆಲಸವನ್ನು ಎಡಗಾಲಿಗೆ ಕೊಡಿ. ಏನಾಗುತ್ತದೆ? ಕಾಲು ತಡವಾಗಿ ಇಳಿಯುತ್ತದೆ. ಬಲಗಾಲು ಎದ್ದಾಗ ಇದೂ ಜೊತೆಗೆ ಎದ್ದುಬಿಡುತ್ತದೆ. ಸೊಂಟ ಅಲ್ಲಾಡುತ್ತದೆ, ಬಲಗೈ ಲಯ ತಪ್ಪುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಆಗಾಗ ಈ ಆಟ ಆಡಿಸುತ್ತೇನೆ. ಮೂರು ವರ್ಷ ಕಲಿತವರೂ ಒಂದು ನಿಮಿಷ ದಾಟುವುದಿಲ್ಲ. ತಬಲಾದವರಿಗೆ ಡಗ್ಗಾವನ್ನು ಕಾಲಲ್ಲಿ ನುಡಿಸಿ ಅಂದಂತೆ ಇದು. ಅದೂ ಸಾವಿರಾರು ಜನರ ಮುಂದೆ, ಎರಡು ಗಂಟೆ.

ಆಲನ್‌ಗೆ ದಾರಿ ಹೊಳೆದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಕಾಲ ಬುಡದಲ್ಲಿ ಸ್ಪಂಜಿನ ತುಂಡು ಇಟ್ಟಿದ್ದರು. ಹಾಡು ಕೇಳುತ್ತಾ ಮಲಗಿದ್ದವನು ಕಾಲಲ್ಲೇ ತಾಳ ಹಾಕತೊಡಗಿದ. ಎಡಗೈ ಮಾಡುತ್ತಿದ್ದದ್ದನ್ನು ಎಡಗಾಲು ಮಾಡಬಹುದಲ್ಲ ಅನ್ನಿಸಿತು. ಆಮೇಲೆ ಎಲೆಕ್ಟ್ರಾನಿಕ್ಸ್ ಬಲ್ಲ ಸ್ನೇಹಿತರೊಬ್ಬರ ನೆರವಿನಿಂದ ಎಡಗಾಲಿನ ಕೆಳಗೆ ಪೆಡಲ್‌ಗಳನ್ನು ಜೋಡಿಸಿಕೊಂಡ. ಒಂದು ಒತ್ತಿದರೆ ಸ್ನೇರ್, ಇನ್ನೊಂದಕ್ಕೆ ಟಾಮ್ ಅನ್ನೋ ಡ್ರಮ್, ಹೀಗೆ. ಕಾಲು ಒತ್ತಿದರೆ ಸಂಕೇತ ಹೋಗುತ್ತದೆ, ಎಲೆಕ್ಟ್ರಾನಿಕ್ ಡ್ರಮ್ ಸದ್ದು ಮಾಡುತ್ತದೆ.

ಬ್ಯಾಂಡಿನವರು ಏನು ಮಾಡಿದರು? ಇರಬೇಕೋ ಬಿಡಬೇಕೋ ಅನ್ನುವುದನ್ನು ಅವನ ಕೈಗೇ ಬಿಟ್ಟರು. ಹಾಡುಗಾರ ಜೋ ಎಲಿಯಟ್ ಇದನ್ನು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. "ನಾವು ನಿನ್ನ ಜೊತೆ ಇದ್ದೇವೆ" ಅಂತ ಹೇಳಿ ಬೆನ್ನು ತಟ್ಟುವುದು ಬೇರೆ. ತೀರ್ಮಾನವನ್ನೇ ಅವನಿಗೆ ಒಪ್ಪಿಸಿ, ಗಡಿಯಾರ ನೋಡದೆ ಕೂರುವುದು ಬೇರೆ.

ಇನ್ನು ನಿಮಗೂ ನನಗೂ ಹಿಡಿಸದ ಆ ಪಾಲಿಶ್ ಸದ್ದಿನ ವಿಷಯ. ಅದರ ಹಿಂದೆ ಇದ್ದವರು ನಿರ್ಮಾಪಕ ಮಟ್ ಲ್ಯಾಂಗ್. ಹಾಡನ್ನು ಒಂದೇ ಬೀಸಿಗೆ ನುಡಿಸಿ ಮುಗಿಸುವ ಪದ್ಧತಿ ಅವರದ್ದಲ್ಲ. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟಂತೆ ಕಟ್ಟುತ್ತಿದ್ದರು. ಗಿಟಾರಿನ ಒಂದು ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ, ಅದನ್ನೇ ಬಿಡಿ ಬಿಡಿ ಸ್ವರವಾಗಿ ರೆಕಾರ್ಡ್ ಮಾಡಿಸಿದ್ದುಂಟು. ಡ್ರಮ್ ಸದ್ದನ್ನು ಯಂತ್ರದಲ್ಲಿ ಹಿಡಿದಿಟ್ಟು ಜೋಡಿಸುವುದನ್ನು 'ಪೈರೋಮೇನಿಯಾ'ದಲ್ಲೇ, ಅಂದರೆ ಅಪಘಾತಕ್ಕೂ ಮೊದಲೇ ಶುರುಮಾಡಿದ್ದರು. ನನ್ನಂಥವರು ಆಗ ಇದನ್ನು ಬೈದವರೇ: ಇದು ಡ್ರಮ್ಸಾ, ಟೈಪ್‌ರೈಟರಾ ಅಂತ. ಆದರೆ ಯೋಚನೆ ಮಾಡಿ. ಎಲ್ಲರೂ ಒಟ್ಟಿಗೆ ನಿಂತು ಬೆವರು ಸುರಿಸಿ ಒಂದೇ ಟೇಕ್‌ನಲ್ಲಿ ನುಡಿಸುವ, ನಾವು ಇಷ್ಟಪಡುವಂಥ ಬ್ಯಾಂಡ್ ಆಗಿದ್ದರೆ 1985ರಲ್ಲಿ ಆಲನ್‌ಗೆ ಅಲ್ಲಿ ಜಾಗ ಎಲ್ಲಿರುತ್ತಿತ್ತು? ತುಂಡು ತುಂಡಾಗಿ ಕಟ್ಟುವ ಆ ಪದ್ಧತಿಯಲ್ಲಿ ಕಾಯಲು ಸಮಯವಿತ್ತು. ಎಲೆಕ್ಟ್ರಾನಿಕ್ ಡ್ರಮ್ ಅಲ್ಲಿ ಹೊರಗಿನದಾಗಿರಲಿಲ್ಲ, ಮನೆಯದ್ದೇ ಆಗಿತ್ತು. ನನ್ನ ಕಿವಿಗೆ ಚುಚ್ಚುವ ಗುಣವೇ ಅವನಿಗೆ ಬಾಗಿಲು ತೆಗೆಯಿತು. ಇದು ಹೊಳೆದ ದಿನ ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಹಾಡು ಮಾತ್ರ ಆಮೇಲೂ ಹಿಡಿಸಲಿಲ್ಲ.

1986ರ ಆಗಸ್ಟ್‌ಗೆ ಬರೋಣ. ದೊಡ್ಡ ಸ್ಟೇಜಿಗೆ ಮುಂಚೆ ಐರ್ಲೆಂಡಿನಲ್ಲಿ ಸಣ್ಣಪುಟ್ಟ ಶೋಗಳನ್ನು ಇಟ್ಟುಕೊಂಡರು. ಯಾವುದಕ್ಕೂ ಇರಲಿ ಅಂತ ಸ್ಟೇಟಸ್ ಕ್ವೋ ಬ್ಯಾಂಡಿನ ಜೆಫ್ ರಿಚ್ ಅವರನ್ನು ಎರಡನೇ ಡ್ರಮ್ಮರ್ ಆಗಿ ಪಕ್ಕದಲ್ಲಿ ಕೂರಿಸಿಕೊಂಡರು. ಕಥೆ ಹೇಳುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ, ನನಗೆ ಇದೇ ಇಷ್ಟ. ಕಣ್ಣುಮುಚ್ಚಿ ನಂಬಿದವರಲ್ಲ ಇವರು. ಬಿದ್ದರೆ ಹಿಡಿಯಲು ಒಬ್ಬರನ್ನು ಇಟ್ಟುಕೊಂಡೇ ಕೈ ಬಿಟ್ಟು ನಡೆಸಿದರು, ಮಗುವಿಗೆ ಸೈಕಲ್ ಕಲಿಸುವಾಗ ಹಿಂದೆ ಓಡುತ್ತೀವಲ್ಲ ಹಾಗೆ. ಒಂದು ರಾತ್ರಿ ರಿಚ್ ಬರುವುದು ತಡವಾಯಿತು. ಆಲನ್ ಒಬ್ಬನೇ ಕೂತು ಶುರುಮಾಡಿಬಿಟ್ಟ. ನಡೆಯಿತು. ಅದನ್ನು ನೋಡಿದ ರಿಚ್ ಅವರಿಗೇ ಅನ್ನಿಸಿತು, ಇಲ್ಲಿ ನನಗೇನೂ ಕೆಲಸವಿಲ್ಲ ಅಂತ.

ಆ ತಿಂಗಳ 16ಕ್ಕೆ ಇಂಗ್ಲೆಂಡಿನ ಕ್ಯಾಸಲ್ ಡೊನಿಂಗ್ಟನ್‌ನಲ್ಲಿ ಮಾನ್‌ಸ್ಟರ್ಸ್ ಆಫ್ ರಾಕ್ ಉತ್ಸವ. ಅವತ್ತಿನ ಮುಖ್ಯ ಆಕರ್ಷಣೆ ಗಡಸು ರಾಕ್ ಹಾಡುಗಾರ ಓಝಿ ಓಸ್ಬೋರ್ನ್. ನಡುವೆ ಜೋ ಎಲಿಯಟ್ ಆಲನ್ ಹೆಸರು ಕೂಗಿ ಪರಿಚಯಿಸಿದಾಗ ಮೈದಾನ ಎದ್ದು ಗರ್ಜಿಸಿತು. ಅವನು ಅತ್ತುಬಿಟ್ಟ. ಕೂಗಿದವರಲ್ಲಿ ಲೆಪರ್ಡ್ ಅಭಿಮಾನಿಗಳು ಎಷ್ಟು, ಓಝಿಗೆಂದು ಬಂದವರು ಎಷ್ಟು, ಯಾರು ಲೆಕ್ಕ ಇಟ್ಟಿದ್ದಾರೆ! ಆರು ವರ್ಷದ ಹಿಂದೆ ಕ್ಯಾನ್ ಎಸೆದದ್ದು ಇದೇ ಜಾತಿಯ ಜನ: ಅದೇ ಇಂಗ್ಲೆಂಡ್, ಅದೇ ಗಡಸು ರಾಕ್ ಪ್ರೇಮಿಗಳು. ಅವರಲ್ಲಿ ಎಷ್ಟೋ ಮಂದಿ ಮನೆಗೆ ಹೋಗಿ ಮತ್ತೆ ಓಝಿ ಕ್ಯಾಸೆಟ್ಟನ್ನೇ ಹಾಕಿಕೊಂಡಿರುತ್ತಾರೆ. ಅವತ್ತು ಕೂಗಿದ್ದು ನಾಟಕ ಅನ್ನೋಣವಾ?

ನಿಮ್ಮ ಎರಡನೇ ಪ್ರಶ್ನೆ, ಹೊಳಪು ಕೊಟ್ಟ ಕಥೆಯಾ ಅಂತ. ಸ್ವಲ್ಪ ಹೊಳಪು ಇದೆ. ಈ ಬ್ಯಾಂಡ್ ಯಾರನ್ನೂ ಹೊರಹಾಕಿಲ್ಲ ಅಂದುಕೊಳ್ಳಬೇಡಿ. ಆಲನ್ ಕೂತ ಜಾಗವೇ ಇನ್ನೊಬ್ಬ ಹುಡುಗನದು, ಟೋನಿ ಕೆನ್ನಿಂಗ್ ಅಂತ. ಮೊದಲ ರೆಕಾರ್ಡ್ ಬರುವ ಮುಂಚೆಯೇ ಅವನು ಹೊರಗೆ. 1982ರಲ್ಲಿ 'ಪೈರೋಮೇನಿಯಾ' ಅರ್ಧ ಆಗಿದ್ದಾಗ ಗಿಟಾರಿಸ್ಟ್ ಪೀಟ್ ವಿಲ್ಲಿಸ್‌ನನ್ನು ಕುಡಿತದ ಕಾರಣಕ್ಕೆ ತೆಗೆದರು. ಫಿಲ್ ಕಾಲೆನ್ ಬಂದರು. ವಿಲ್ಲಿಸ್ ನುಡಿಸಿದ ಭಾಗಗಳನ್ನು ಮಾತ್ರ ಅಳಿಸಲಿಲ್ಲ, ಆಲ್ಬಮ್ಮಿನಲ್ಲಿ ಅವನ ಹೆಸರೂ ಉಳಿಯಿತು. 2019ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಆ ಪಟ್ಟಿಯಲ್ಲಿ ವಿಲ್ಲಿಸ್ ಕೂಡ ಇದ್ದ.

ಗೆದ್ದವರಾದ್ದರಿಂದ ಈ ಕಥೆ ಚೆಂದ ಕಾಣುತ್ತೆ ಅಂತ ಕೆಲವರು ಅನ್ನುತ್ತಾರೆ. ಹಿಂದುಮುಂದು ನೋಡಿ. ಕಾಯಲು ಒಪ್ಪಿದ್ದು 1985ರಲ್ಲಿ. ಆಗ ಸ್ಟುಡಿಯೊ ಖರ್ಚು ಬೆಳೆಯುತ್ತಲೇ ಇತ್ತು, ಸಾಲ ಏರುತ್ತಿತ್ತು. ಹಾಕಿದ ದುಡ್ಡು ವಾಪಸ್ ಬರಬೇಕಾದರೆ 50 ಲಕ್ಷ ಪ್ರತಿ ಮಾರಬೇಕಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಆಲ್ಬಂ, 'ಹಿಸ್ಟೀರಿಯಾ', ಬಂದದ್ದು 1987ರ ಆಗಸ್ಟ್‌ನಲ್ಲಿ. ಹೆಸರು ಸೂಚಿಸಿದ್ದು ಆಲನ್ನೇ, ಅಪಘಾತದ ಸುತ್ತ ಪತ್ರಿಕೆಗಳು ಎಬ್ಬಿಸಿದ ಗದ್ದಲ ನೆನೆದು. ಅಮೆರಿಕದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಏರಿದ್ದು 1988ರ ಜುಲೈಗೆ. ಲಾಭ ಕಂಡು ಕಾದವರಲ್ಲ ಇವರು.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ಕಾಲೇಜು ಮುಗಿಸಿದ ಹೊಸತರಲ್ಲಿ ಒಂದು ಆರ್ಕೆಸ್ಟ್ರಾದಲ್ಲಿದ್ದೆ. ಗಣೇಶನ ಹಬ್ಬ ಬಂತೆಂದರೆ ತಿಂಗಳು ಪೂರ್ತಿ ಶೋ, ವರ್ಷದ ದುಡಿಮೆ ಅಷ್ಟೇ. ಒಂದು ವರ್ಷ ಹಬ್ಬಕ್ಕೆ ಹತ್ತು ದಿನ ಇರುವಾಗ ನಮ್ಮ ರಿದಮ್ ಪ್ಯಾಡ್ ಹುಡುಗ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಮೂರನೇ ದಿನಕ್ಕೆ ಬೇರೊಬ್ಬನನ್ನು ಕರೆತಂದೆವು. ಅದು ತಪ್ಪಲ್ಲ ಅಂತ ಇವತ್ತಿಗೂ ಅನ್ನಿಸುತ್ತದೆ, ಶೋ ನಡೆಯಲೇಬೇಕಿತ್ತು. ಆದರೆ ಹಬ್ಬ ಮುಗಿದು, ಅವನ ಪಟ್ಟಿ ಬಿಚ್ಚಿದ ಮೇಲೂ ನಾವ್ಯಾರೂ ಅವನಿಗೆ ಒಂದು ಫೋನ್ ಮಾಡಲಿಲ್ಲ. ಹೊಸ ಹುಡುಗ ಹೊಂದಿಕೊಂಡಿದ್ದ, ಕೆಲಸ ನಡೆಯುತ್ತಿತ್ತು. ಬರೀ ಆರು ವಾರದ ಗಾಯ ಅದು. ಲೆಪರ್ಡ್ ಹಾಡು ಎಲ್ಲೇ ಕೇಳಿಬಂದರೂ ನನಗೆ ಮೊದಲು ನೆನಪಾಗುವುದು ಆ ಹುಡುಗ.

ಬ್ಯಾಂಡಿನ ಉಳಿದ ಕಥೆ ಇಷ್ಟು ಸಿಹಿಯಲ್ಲ. ಗಿಟಾರಿಸ್ಟ್ ಸ್ಟೀವ್ ಕ್ಲಾರ್ಕ್ ಕುಡಿತದಲ್ಲಿ ಮುಳುಗಿದ್ದ. ವಿಲ್ಲಿಸ್‌ಗೆ ಮಾಡಿದ್ದನ್ನು ಅವನಿಗೆ ಮಾಡಲಿಲ್ಲ. 1990ರಲ್ಲಿ ಆರು ತಿಂಗಳ ರಜೆ ಕೊಟ್ಟರು, ಸರಿಹೋಗಿ ಬಾ ಅಂತ. ರಜೆ ಮುಗಿಯುವ ಮುಂಚೆಯೇ, 1991ರ ಜನವರಿ 8ರಂದು, ಲಂಡನ್ನಿನ ಮನೆಯಲ್ಲಿ ತೀರಿಕೊಂಡ. ಮದ್ಯ ಮತ್ತು ಮಾತ್ರೆ ಎರಡೂ ಸೇರಿದ್ದವು. ವಯಸ್ಸು 30. ಬ್ಯಾಂಡಿನವರು ಬೇರೆ ಗಿಟಾರಿಸ್ಟ್ ತರದೆ ಉಳಿದ ನಾಲ್ವರೇ ಆಗ ಕೈಯಲ್ಲಿದ್ದ ಆಲ್ಬಂ ಮುಗಿಸಿದರು. ಅವನ ಪಾಲನ್ನೂ ಕಾಲೆನ್ನೇ ನುಡಿಸಿದರು. ಆಮೇಲೆ, 1992ರಲ್ಲಿ, ವಿವಿಯನ್ ಕ್ಯಾಂಬೆಲ್ ಬಂದರು. 2013ರಲ್ಲಿ ಕ್ಯಾಂಬೆಲ್‌ಗೆ ಹಾಡ್ಜ್‌ಕಿನ್ ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್, ಇದೆಯೆಂದು ಗೊತ್ತಾಯಿತು. ಚಿಕಿತ್ಸೆ ಇದ್ದಾಗ ಕೆಲವು ಶೋಗಳಿಗೆ ಬದಲಿಯವರು ನಿಂತರು, ಆಮೇಲೆ ಅವರ ಜಾಗ ಅವರಿಗೇ.

ಬೇರೆ ಬ್ಯಾಂಡ್‌ಗಳಲ್ಲೂ ಇಂಥದ್ದಿದೆ. ವೇಲ್ಸ್‌ನ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಗಿಟಾರಿಸ್ಟ್ ರಿಚಿ ಎಡ್ವರ್ಡ್ಸ್ 1995ರ ಫೆಬ್ರವರಿ 1ರಂದು ಕಾಣೆಯಾದ. ಸಿಗಲೇ ಇಲ್ಲ. ಉಳಿದ ಮೂವರು ಹಾಡುಗಳ ರಾಯಲ್ಟಿಯಲ್ಲಿ ಅವನ ನಾಲ್ಕನೇ ಒಂದು ಪಾಲನ್ನು ವರ್ಷಗಟ್ಟಲೆ ಬೇರೆಯಾಗಿ ತೆಗೆದಿಡುತ್ತಾ ಬಂದರು. ಅವರ ಹಾಡೂ ನಿಮಗೆ ಹಿಡಿಸಲಿಕ್ಕಿಲ್ಲ ಬಿಡಿ.

ಈಗ ನಿಮ್ಮ ಯಜಮಾನರ ಮಾತಿಗೆ. ಗೌರವ ಕೊಡುವುದು ನಡತೆಗೆ, ಅದು ನಮ್ಮ ಕೈಲಿದೆ. ಹಾಡು ಹಿಡಿಸುವುದು ಬಿಡುವುದು ಕಿವಿಗೆ ಬಿಟ್ಟದ್ದು, ಅದು ನಮ್ಮ ಮಾತೇ ಕೇಳುವುದಿಲ್ಲ. ಇಷ್ಟನ್ನು ಯಾರಾದರೂ ಹೇಳಿಯಾರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಒಂದೇ ಕೈಯವನು ಪಾಪ ಅಂತ ಹಾಡನ್ನು ಮೆಚ್ಚಿಕೊಂಡರೆ ಅದು ಆಲನ್‌ಗೆ ಕೊಟ್ಟ ರಿಯಾಯಿತಿ. ಪೆಡಲ್ ಕಟ್ಟಿಕೊಂಡು, ತಿಂಗಳುಗಟ್ಟಲೆ ಕಾಲನ್ನು ಕೈಯಾಗಿಸಲು ಅವನು ಒದ್ದಾಡಿದ್ದು ಆ ರಿಯಾಯಿತಿ ಬೇಡ ಅಂತಲೇ ಅಲ್ವಾ? ಬೇರೆ ಡ್ರಮ್ಮರ್‌ಗಳನ್ನು ಅಳೆಯುವ ಸೇರಿನಲ್ಲೇ ತನ್ನನ್ನೂ ಅಳೆಯಲಿ ಅಂತ. ಎರಡು ಕೈಯವರ ಹಾಡನ್ನು ನೀವು "ಆಫ್ ಮಾಡ್ರೀ" ಅನ್ನುವಷ್ಟೇ ಸಲೀಸಾಗಿ ಅವನದ್ದನ್ನೂ ಅನ್ನಬಹುದು. ಅಲ್ಲಿ ಅವಮಾನ ಏನೂ ಇಲ್ಲ. ಉಳಿದ ಸಂಗೀತಗಾರರ ಪಂಕ್ತಿಯಲ್ಲೇ ಅವನಿಗೂ ಎಲೆ ಹಾಕಿದಂತಾಯಿತು, ಅಷ್ಟೇ.

ಕಾರಿನ ಜಗಳಕ್ಕೆ ನನ್ನ ಸಲಹೆ: ಹೋಗುವಾಗ ಅವರ ಹಾಡು ಮದ್ದೂರಿನವರೆಗೆ, ಅಲ್ಲಿ ವಡೆ ತಿಂದ ಮೇಲೆ ನಿಮ್ಮದು. ಮತ್ತೆ ಒಂದು ಸಂಜೆ ಇಬ್ಬರೂ ಕೂತು ಅವರ ಯಾವುದಾದರೂ ಲೈವ್ ವಿಡಿಯೊ ಹಾಕಿ, ಕ್ಯಾಮೆರಾ ಡ್ರಮ್ಸ್ ಹಿಂದಿನಿಂದ ತೋರಿಸುವಂಥದ್ದು. ಸೌಂಡ್ ಪೂರ್ತಿ ಮ್ಯೂಟ್ ಮಾಡಿ. ಅವನ ಎಡಗಾಲನ್ನು ಮಾತ್ರ ನೋಡಿ. ಎರಡಕ್ಕೆ, ನಾಲ್ಕಕ್ಕೆ.